ವಿಭಾಗದ ಸಂಶೋಧನಾ ಸಾಧನೆಗಳ ವರದಿ: ಏನನ್ನು ಬರೆಯಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ಕಿರಿಯ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಎರಡು ವರ್ಷಗಳಿಂದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ವಿಭಾಗದ ಕಳೆದ ಐದು ವರ್ಷಗಳ ಸಂಶೋಧನೆಯನ್ನೂ ಬೋಧಕವರ್ಗದ ಸಾಧನೆಗಳನ್ನೂ ಒಂದೆಡೆ ತಂದು ವರದಿ ಬರೆಯುವ ಹೊಣೆ ನನ್ನ ಹೆಗಲೇರಿದೆ. ಎಲ್ಲರಿಗಿಂತ ಕಿರಿಯನಾದವನಿಗೆ ಇಂಥ ಕೆಲಸ ಬರುವುದು ಎಲ್ಲ ಕಡೆಯೂ ನಡೆದುಬಂದ ಪದ್ಧತಿಯೇ ಇರಬೇಕು; ಆ ಬಗ್ಗೆ ತಕರಾರಿಲ್ಲ.

ತೊಡಕು ಇರುವುದು ಕೈಗೆ ಬಂದ ಸಾಮಗ್ರಿಯಲ್ಲಿ. ಪ್ರತಿಯೊಬ್ಬರಿಂದಲೂ ವಿವರ ಕೇಳಿದೆ. ಪ್ರಬಂಧಗಳ ಪಟ್ಟಿ, ಅವು ಪ್ರಕಟವಾದ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಸೂಚ್ಯಂಕ, ಪೇಟೆಂಟುಗಳ ಸಂಖ್ಯೆ, ಅನುದಾನದ ಮೊತ್ತ, ಆಹ್ವಾನಿತ ಉಪನ್ಯಾಸಗಳು ಬಂದವು. ಇಬ್ಬರು ಹಿರಿಯರ ವಿಷಯದಲ್ಲಿ ‘ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ’ ಪಟ್ಟಿಯಲ್ಲಿ ಹೆಸರು ಸೇರಿರುವ ಸಂಗತಿಯೂ ಬಂತು. ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಿ ಮೊದಲಿನಿಂದ ಕೊನೆಯವರೆಗೆ ಓದಿದೆ. ನಮ್ಮ ವಿಭಾಗದಲ್ಲಿ ಈ ಐದು ವರ್ಷಗಳಲ್ಲಿ ಹೊಸದಾಗಿ ಏನು ಗೊತ್ತಾಯಿತು ಎಂಬುದು ಆ ಹಾಳೆಯಿಂದ ತಿಳಿಯಲಿಲ್ಲ. ಅದೇ ಹಾಳೆಯನ್ನು ಸಿವಿಲ್ ವಿಭಾಗದ್ದೆಂದು ಕೊಟ್ಟರೂ ಯಾರಿಗೂ ಅನುಮಾನ ಬರಲಾರದು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ನಮ್ಮಲ್ಲಿ ಒಬ್ಬ ಸಹೋದ್ಯೋಗಿ ಏಳು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಹಿಡಿದು ಕುಳಿತಿದ್ದಾರೆ: ಕಲಕುವ ತೊಟ್ಟಿಯಲ್ಲಿ ಬೆಳೆಯುತ್ತಿರುವ ಹರಳುಗಳು ಎಲ್ಲಿ, ಯಾವ ಹೊಡೆತಕ್ಕೆ ಒಡೆಯುತ್ತವೆ, ಒಡೆದ ಚೂರುಗಳಲ್ಲಿ ಎಷ್ಟು ಮತ್ತೆ ಹೊಸ ಹರಳುಗಳಾಗಿ ಬೆಳೆಯುತ್ತವೆ ಎಂಬುದು. ಅವರದು ಒಟ್ಟು ನಾಲ್ಕು ಪ್ರಬಂಧಗಳು. ಪಕ್ಕದ ಸಾಲಿನಲ್ಲಿರುವವರದು ಒಂದೇ ವರ್ಷದಲ್ಲಿ ಅದರ ಹಲವು ಪಟ್ಟು. ಹಾಳೆಯನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಅವರು ಕೊನೆಯ ಸಾಲಿಗೆ ಇಳಿಯುತ್ತಾರೆ. ಅದು ತಪ್ಪು ಎಂದು ಮನಸ್ಸಿಗೆ ಅನ್ನಿಸುತ್ತದೆ, ಆದರೆ ಏಕೆ ತಪ್ಪು ಎಂದು ವರದಿಯ ಭಾಷೆಯಲ್ಲಿ ಹೇಳಲು ಬರುತ್ತಿಲ್ಲ.

ಸಂಖ್ಯೆಗಳನ್ನು ಪೂರ್ತಿ ಕೈಬಿಡಲು ವಿಭಾಗದ ಮುಖ್ಯಸ್ಥರು ಒಪ್ಪುವುದಿಲ್ಲ. ಹಾಗಿರುವಾಗ ಯಾವುದನ್ನು ಉಳಿಸಿ, ಯಾವುದಕ್ಕೆ ವಿವರಣೆ ಕೊಟ್ಟು, ಯಾವುದನ್ನು ಬಿಡಬೇಕು? ಇಂಥ ವರದಿಗಳನ್ನು ಬರೆದವರು, ಅಥವಾ ಹೊರಗಿನಿಂದ ಓದಿ ನಿರ್ಧಾರ ತೆಗೆದುಕೊಂಡವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ

ಎಕ್ಸೆಲ್ ಹಾಳೆಯ ಬಗ್ಗೆ ನೀವು ಬರೆದದ್ದನ್ನು ಓದಿ ನಕ್ಕೆ. ಇಂಥ ವರದಿಯನ್ನು ನಾನೂ ಮೂರು ಸಲ ಬರೆದಿದ್ದೇನೆ. ಮೂರನೆಯದನ್ನು ಬರೆಯುವಾಗ ಎರಡನೆಯದರ ವಾಕ್ಯಗಳನ್ನು ಹಾಗೆಯೇ ಎತ್ತಿಕೊಂಡು ವರ್ಷಗಳನ್ನಷ್ಟೇ ಬದಲಿಸಿದೆ, ಯಾರೂ ಗುರುತಿಸಲಿಲ್ಲ. ಬರೆದವನೇ ಓದದ ವರದಿಯನ್ನು ಬೇರೆಯವರೇಕೆ ಓದುತ್ತಾರೆ?

ಮೊದಲು ನಿಮ್ಮ ಕಾಲಮ್ಮುಗಳನ್ನು ನೋಡೋಣ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಸರಾಸರಿ. ಅದು ಪತ್ರಿಕೆಯ ಗುಣ, ಅದರಲ್ಲಿ ಬಂದ ನಿಮ್ಮ ಸಹೋದ್ಯೋಗಿಯ ಪ್ರಬಂಧದ ಗುಣವಲ್ಲ. ಯಾವುದೇ ಪತ್ರಿಕೆಯಲ್ಲಿ ಬೆರಳೆಣಿಕೆಯ ಲೇಖನಗಳು ಬಹುಪಾಲು ಉಲ್ಲೇಖಗಳನ್ನು ತರುತ್ತವೆ, ಉಳಿದವು ಆ ಸರಾಸರಿಯ ನೆರಳಿನಲ್ಲಿ ನಿಲ್ಲುತ್ತವೆ. ಹರಳುಗಳ ಗಾತ್ರ ಹಂಚಿಕೆಯನ್ನು ತೋರಿಸದೆ ಸರಾಸರಿ ವ್ಯಾಸವನ್ನಷ್ಟೇ ಬರೆದು ತಂದ ವಿದ್ಯಾರ್ಥಿಯನ್ನು ನಾವು ವಾಪಸು ಕಳುಹಿಸುತ್ತೇವೆ. ಆದರೆ ನಮ್ಮ ಸ್ವಂತ ಸಾಧನೆಯ ವಿಷಯ ಬಂದಾಗ ಅದೇ ತಪ್ಪನ್ನು ಕಣ್ಣು ಮುಚ್ಚಿ ಮಾಡುತ್ತೇವೆ. ಪತ್ರಿಕೆಯ ಸರಾಸರಿಯಿಂದ ವ್ಯಕ್ತಿಯನ್ನು ಅಳೆಯಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯ ಮಾತುಕತೆ ಶುರುವಾದದ್ದು 2012ರಲ್ಲಿ, ಅದು ಹೊರಬಂದದ್ದು 2013ರಲ್ಲಿ. ಸಹಿ ಹಾಕಿದ ಸಂಸ್ಥೆಗಳ ವರದಿಗಳಲ್ಲೂ ಆ ಕಾಲಮ್ಮು ಇನ್ನೂ ಇರುವುದನ್ನು ನಾನು ಕಂಡಿದ್ದೇನೆ.

ಎಚ್-ಸೂಚ್ಯಂಕವನ್ನು ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದರು: ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಹತ್ತು ಅಥವಾ ಹೆಚ್ಚು ಉಲ್ಲೇಖ ಬಂದಿದ್ದರೆ ಅದು ಹತ್ತು, ಹೀಗೆ. ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಅದರಲ್ಲಿ ಅರ್ಧ ಭಾಗ ವಯಸ್ಸಿನ ಲೆಕ್ಕ. ನನ್ನದು ನಿವೃತ್ತಿಯ ನಂತರವೂ ಬೆಳೆಯುತ್ತಿದೆ, ನಾನು ತೋಟದಲ್ಲಿ ಕೂತಿದ್ದರೂ. ಇನ್ನು ಶೇ. 2ರ ಪಟ್ಟಿ: ಸ್ಟ್ಯಾನ್‌ಫರ್ಡಿನ ಅಯೊನಿಡಿಸ್ ಮತ್ತು ಅವರ ಜೊತೆಗಾರರು ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ಸ್ಕೋಪಸ್‌ನ ದತ್ತಾಂಶವನ್ನು ಬಳಸಿ, ಹಲವು ಉಲ್ಲೇಖ ಸೂಚ್ಯಂಕಗಳನ್ನು ಬೆರೆಸಿ ಅದನ್ನು ತಯಾರಿಸುತ್ತಾರೆ. ಅದರಲ್ಲಿ ಇಡೀ ವೃತ್ತಿಜೀವನದ ಪಟ್ಟಿ ಬೇರೆ, ಒಂದೇ ವರ್ಷದ ಪಟ್ಟಿ ಬೇರೆ. ಯಾವ ಸಮಿತಿಯೂ ಕೂತು ಯಾರ ಕೆಲಸವನ್ನೂ ಓದಿ ಕೊಟ್ಟ ಗೌರವ ಅದಲ್ಲ. ಹಾಕಲೇಬೇಕೆಂದಿದ್ದರೆ ಯಾವ ಪಟ್ಟಿ, ಯಾವ ವರ್ಷದ್ದು ಎಂದು ಒಂದು ಸಾಲಿನಲ್ಲಿ ಹೇಳಿ. ‘ಪ್ರಶಸ್ತಿಗಳು’ ಎಂಬ ಶೀರ್ಷಿಕೆಯ ಕೆಳಗೆ ಮಾತ್ರ ಸೇರಿಸಬೇಡಿ.

ಅನುದಾನದ ಮೊತ್ತವನ್ನು ಸಾಧನೆ ಎಂದು ಬರೆಯುವುದು ನನಗೆ ಎಂದಿಗೂ ಅರ್ಥವಾಗದ ವಿಷಯ. ಅದು ಒಳಹರಿವು. ಬಾಯ್ಲರಿಗೆ ಸುರಿದ ಕಲ್ಲಿದ್ದಲಿನ ತೂಕವನ್ನು ಹಬೆಯ ಲೆಕ್ಕದಲ್ಲಿ ತೋರಿಸುವವನಿಗೆ ಮೊದಲ ವರ್ಷದ ಪರೀಕ್ಷೆಯಲ್ಲಿ ನಾವು ಅಂಕ ಕೊಡುವುದಿಲ್ಲ. ಮಾಸ್ ಬ್ಯಾಲೆನ್ಸ್, ಅಂದರೆ ಒಳಹೋದ ದ್ರವ್ಯಕ್ಕೂ ಹೊರಬಂದದ್ದಕ್ಕೂ ಲೆಕ್ಕ ಕೂಡಿಸುವುದನ್ನು, ಕಲಿಸುವ ವಿಭಾಗವೇ ತನ್ನ ವರದಿಯಲ್ಲಿ ಒಳಬಂದದ್ದನ್ನೂ ಹೊರಹೋದದ್ದನ್ನೂ ಬೆರೆಸಿದರೆ ಹೇಗೆ?

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಮ್ಮ ವಿಷಯದ ಚರಿತ್ರೆಯಲ್ಲಿ ಬಾಳಿ ಉಳಿದ ಕೆಲಸಗಳನ್ನು ನೆನಪಿಸಿಕೊಳ್ಳಿ. ಬಟ್ಟಿ ಇಳಿಸುವ ಗೋಪುರಕ್ಕೆ ಎಷ್ಟು ತಟ್ಟೆಗಳು ಬೇಕೆಂದು ಒಂದೇ ನಕ್ಷೆಯಲ್ಲಿ ಮೆಟ್ಟಿಲು ಇಳಿದು ಎಣಿಸುವ ವಿಧಾನವನ್ನು 1925ರಲ್ಲಿ ಕೊಟ್ಟ ಮೆಕೇಬ್ ಮತ್ತು ಥೀಲೆ ಆಗ ಅಮೆರಿಕದ ಎಂಐಟಿಯಲ್ಲಿ ಪದವಿಯ ನಂತರದ ವಿದ್ಯಾರ್ಥಿಗಳು. ಇಂದು ಲೆಕ್ಕ ಮಾಡಲು ಕಂಪ್ಯೂಟರ್ ಇದೆ. ಆದರೂ ಗೋಪುರದೊಳಗೆ ಏನು ನಡೆಯುತ್ತಿದೆ ಎಂದು ಮನಸ್ಸಿಗೆ ಕಾಣಿಸಲು ಆ ನಕ್ಷೆಯನ್ನೇ ಎಲ್ಲರೂ ಬರೆಯುತ್ತಾರೆ. ಕೇಂಬ್ರಿಡ್ಜಿನ ಡ್ಯಾಂಕ್‌ವರ್ಟ್ಸ್ 1953ರಲ್ಲಿ ಬರೆದ ಒಂದು ಪ್ರಬಂಧದಿಂದ, ಹರಿಯುವ ರಿಯಾಕ್ಟರಿನಲ್ಲಿ ದ್ರವದ ಬೇರೆ ಬೇರೆ ಪಾಲುಗಳು ಎಷ್ಟೆಷ್ಟು ಹೊತ್ತು ಉಳಿಯುತ್ತವೆ ಎಂಬ ವಾಸಕಾಲದ ಹಂಚಿಕೆಯ ಕಲ್ಪನೆ ನಮ್ಮೆಲ್ಲರ ಪಠ್ಯಕ್ಕೆ ಬಂತು. ಅವರ ಬಳಿ ಸಂಶೋಧನೆ ಮಾಡಿದ ಎಂ. ಎಂ. ಶರ್ಮಾ ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ, 1990ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆಮಂಡ್‌ಸನ್ 1949ರಿಂದ 1974ರವರೆಗೆ ವಿಭಾಗವನ್ನು ನಡೆಸಿದರು. ಗಣಿತದ ಪದವಿ ಪಡೆದಿದ್ದ ಏರಿಸ್ ಅವರನ್ನು ಕೆಮಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿಸಿಕೊಂಡರು. ಅದರ ಫಲ ಯಾವ ಒಂದು ವರ್ಷದ ವರದಿಯಲ್ಲೂ ಕಾಣಿಸುವಂಥದ್ದಲ್ಲ. ವಿಸ್ಕಾನ್ಸಿನ್ನಿನ ಮೂವರು ಅಧ್ಯಾಪಕರು 1960ರಲ್ಲಿ ಹೊರತಂದ ಒಂದು ಪಠ್ಯಪುಸ್ತಕ ಸಂವೇಗ, ಶಾಖ ಮತ್ತು ದ್ರವ್ಯದ ಸಾಗಣೆಯನ್ನು ಒಂದೇ ಚೌಕಟ್ಟಿನಲ್ಲಿ ಕಲಿಸುವುದನ್ನು ರೂಢಿಗೆ ತಂದಿತು. ನಿಮ್ಮ ಹಾಳೆಯಲ್ಲಿ ಪಠ್ಯಪುಸ್ತಕಕ್ಕೆ ಕಾಲಮ್ಮು ಇದೆಯೇ?

ನನ್ನ ಸಲಹೆ ಇಷ್ಟೇ. ಪ್ರತಿಯೊಬ್ಬ ಅಧ್ಯಾಪಕರಿಗೂ ಒಂದು ಚೀಟಿ ಕಳುಹಿಸಿ: ‘ಐದು ವರ್ಷಗಳ ಹಿಂದೆ ಗೊತ್ತಿರದ, ಇಂದು ನಿಮ್ಮ ಕೆಲಸದಿಂದ ಗೊತ್ತಾಗಿರುವ ಒಂದು ಸಂಗತಿಯನ್ನು ಬೇರೆ ವಿಭಾಗದವರಿಗೆ ಅರ್ಥವಾಗುವಂತೆ ಆರು ವಾಕ್ಯಗಳಲ್ಲಿ ಬರೆಯಿರಿ.’ ಕೆಲವರು ಮರುದಿನವೇ ಬರೆದುಕೊಡುತ್ತಾರೆ, ಕೆಲವರು ಮತ್ತೆ ಪ್ರಬಂಧಗಳ ಪಟ್ಟಿಯನ್ನೇ ಕಳುಹಿಸುತ್ತಾರೆ. ಆ ವ್ಯತ್ಯಾಸದಿಂದಲೇ ನಿಮಗೆ ಬೇಕಾದ್ದು ಅರ್ಧ ತಿಳಿಯುತ್ತದೆ.

ಉತ್ತರ 2: ಸ್ಥಾವರದ ಎಂಜಿನಿಯರ್

ನಾನು ವಿಶ್ವವಿದ್ಯಾಲಯದವನಲ್ಲ, ಕಾರ್ಖಾನೆಯಲ್ಲಿ ಪ್ರಕ್ರಿಯಾ ವಿನ್ಯಾಸದ ಕೆಲಸ ಮಾಡುತ್ತೇನೆ. ನಮ್ಮ ತೊಂದರೆಗೆ ಯಾವ ವಿಭಾಗದ ಬಾಗಿಲು ತಟ್ಟಬೇಕೆಂದು ನಿರ್ಧರಿಸಲು ಇಂಥ ವರದಿಗಳನ್ನು ಓದಬೇಕಾಗುತ್ತದೆ. ಓದುಗನ ಕಡೆಯಿಂದ ಒಂದೆರಡು ಮಾತು.

ನಿಮ್ಮ ಹರಳಿನ ಸಹೋದ್ಯೋಗಿಯ ವಿಷಯ ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮಲ್ಲಿನ ಒಂದು ಸೋಸುಗ. ಪ್ರಯೋಗಾಲಯದಲ್ಲಿ ಹತ್ತು ನಿಮಿಷದಲ್ಲಿ ಸೋಸಿ ಮುಗಿಯುತ್ತಿದ್ದ ಹರಳು, ದೊಡ್ಡ ತೊಟ್ಟಿಯಿಂದ ಬಂದಾಗ ಒಂದಿಡೀ ಪಾಳಿ ಕಳೆದರೂ ಮುಗಿಯುತ್ತಿರಲಿಲ್ಲ. ಸೋಸುಗದ ಬಟ್ಟೆ ಬದಲಿಸಿದೆವು, ನಿರ್ವಾತ ಹೆಚ್ಚಿಸಿದೆವು, ಪಂಪನ್ನು ಬೈದೆವು. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಉದ್ದನೆಯ ಸೂಜಿಗಳಂತೆ ಇರಬೇಕಾದ ಹರಳುಗಳು ಮುರಿದು ನುಚ್ಚಾಗಿದ್ದವು. ಹರಳಿನ ಪದರದ ಮೂಲಕ ದ್ರವ ಹಾಯುವ ಸುಲಭತೆ ಸ್ಥೂಲವಾಗಿ ಕಣದ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಉಳಿದೆಲ್ಲ ಹಾಗೇ ಇದ್ದು ವ್ಯಾಸ ಅರ್ಧವಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಸೂತ್ರ ಎಲ್ಲರಿಗೂ ಗೊತ್ತಿತ್ತು. ಆ ಹರಳುಗಳು ತೊಟ್ಟಿಯ ಯಾವ ಮೂಲೆಯಲ್ಲಿ, ಕಲಕುವ ರೆಕ್ಕೆಯ ಯಾವ ವೇಗದಲ್ಲಿ ಮುರಿಯುತ್ತವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಏಳು ವರ್ಷ ಅದನ್ನೇ ನೋಡಿದವರೊಬ್ಬರು ಇದ್ದಾರೆಂದು ಯಾವುದಾದರೂ ವರದಿಯಲ್ಲಿ ಒಂದು ವಾಕ್ಯವಿದ್ದಿದ್ದರೆ ನಾವು ಮೂರು ತಿಂಗಳು ತಡಕಾಡುತ್ತಿರಲಿಲ್ಲ.

ಆದ್ದರಿಂದ ಫಲಿತಾಂಶ ಎಷ್ಟು ದೊಡ್ಡ ಪಾತ್ರೆಯಲ್ಲಿ ಸಿಕ್ಕಿತು ಎಂಬುದನ್ನು ಬರೆಯಿರಿ. ಇದನ್ನು ವಿಶ್ವವಿದ್ಯಾಲಯದ ವರದಿಗಳು ಏಕೆ ಮರೆಮಾಡುತ್ತವೋ ತಿಳಿಯದು. ಒಂದು ಲೀಟರಿನ ಪಾತ್ರೆಯನ್ನು ಅದೇ ಆಕಾರದಲ್ಲಿ ಸಾವಿರ ಲೀಟರಿಗೆ ಹಿಗ್ಗಿಸಿದರೆ ಗೋಡೆಯ ವಿಸ್ತೀರ್ಣ ನೂರು ಪಟ್ಟು ಮಾತ್ರ ಬೆಳೆಯುತ್ತದೆ. ಅಂದರೆ ಪ್ರತಿ ಲೀಟರಿನ ಶಾಖವನ್ನು ಹೊರಹಾಕಲು ಸಿಗುವ ಗೋಡೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾಜಿನ ಪಾತ್ರೆಯಲ್ಲಿ ತಣ್ಣಗೆ ನಡೆದ ಕ್ರಿಯೆ ದೊಡ್ಡ ಪಾತ್ರೆಯಲ್ಲಿ ಕೈಮೀರುವುದು ಇದರಿಂದಲೇ. ‘ಕೈಗಾರಿಕೆಗೆ ಸಿದ್ಧವಾದ ವೇಗವರ್ಧಕ’ ಎಂಬ ಸಾಲನ್ನು ಓದಿದಾಗ ನಾನು ಹುಡುಕುವುದು ಮೂರು ವಿವರಗಳನ್ನು: ಅದು ಎಷ್ಟು ಗಂಟೆ ನಡೆಯಿತು, ಕಾರ್ಬನ್ ಬ್ಯಾಲೆನ್ಸ್ ಎಷ್ಟಕ್ಕೆ ಕೂಡಿತು, ಬೇರೆ ವೇಗವರ್ಧಕಗಳೊಂದಿಗೆ ಹೋಲಿಸಿದ್ದು ಒಂದೇ ಪರಿವರ್ತನೆಯ ಮಟ್ಟದಲ್ಲೋ (ಅಂದರೆ ಕಚ್ಚಾ ಪದಾರ್ಥದ ಅಷ್ಟೇ ಪಾಲು ಕ್ರಿಯೆಗೊಳಗಾದಾಗಲೋ) ಅಲ್ಲವೋ. ಒಳಹೋದ ಇಂಗಾಲದಲ್ಲಿ ಐದನೆಯ ಒಂದು ಭಾಗ ಹೊರಗೆ ಸಿಕ್ಕಿಲ್ಲವೆಂದರೆ ಅದು ವೇಗವರ್ಧಕದ ಮೇಲೆ ಮಸಿಯಾಗಿ ಕೂತಿದೆ, ಇಲ್ಲವೇ ನೀವು ಅಳೆಯದ ಪದಾರ್ಥವಾಗಿ ಹೊರಹೋಗಿದೆ, ಅದೂ ಅಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಮೂರರಲ್ಲಿ ಯಾವುದಾದರೂ ನನಗೆ ತಲೆನೋವೇ.

ಪೇಟೆಂಟಿನ ಕಾಲಮ್ಮನ್ನು ದಯವಿಟ್ಟು ಒಡೆದು ತೋರಿಸಿ. ಅನೇಕ ದೇಶಗಳಲ್ಲಿ ಅರ್ಜಿ ಸಲ್ಲಿಸಿ 18 ತಿಂಗಳಾದ ಮೇಲೆ ಅದು ತಾನಾಗಿ ಪ್ರಕಟವಾಗುತ್ತದೆ. ಆ ಪ್ರಕಟಣೆಗೆ ಪರೀಕ್ಷೆಯೇನೂ ನಡೆದಿರುವುದಿಲ್ಲ. ‘ಪ್ರಕಟವಾದ ಪೇಟೆಂಟ್’ ಎಂದು ಬರೆದರೆ ಹೊರಗಿನವರಿಗೆ ಅದು ಮಂಜೂರಾದ ಪೇಟೆಂಟಿನಂತೆ ಕೇಳಿಸುತ್ತದೆ. ಸಲ್ಲಿಸಿದ್ದು ಎಷ್ಟು, ಮಂಜೂರಾದದ್ದು ಎಷ್ಟು, ಯಾರಾದರೂ ಬಳಕೆಗೆ ಪಡೆದದ್ದು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಕೊನೆಯದು ಸೊನ್ನೆಯಾಗಿದ್ದರೂ ಬರೆಯಿರಿ. ನಾವು ಅದರಿಂದ ವಿಭಾಗವನ್ನು ಹಗುರವಾಗಿ ಕಾಣುವುದಿಲ್ಲ, ಲೆಕ್ಕ ಸರಿಯಾಗಿ ಇಟ್ಟಿದ್ದಾರೆಂಬ ನಂಬಿಕೆ ಬರುತ್ತದೆ.

ವಿಶ್ವವಿದ್ಯಾಲಯದ ಕೆಲಸ ಕಾರ್ಖಾನೆಯವರೆಗೆ ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಎಂಐಟಿಯ ಲೂಯಿಸ್ ಮತ್ತು ಗಿಲಿಲೆಂಡ್ ಪುಡಿಯಾದ ಘನವನ್ನು ಅನಿಲದ ಹರಿವಿನಲ್ಲಿ ತೇಲಿಸಿ ಸಾಗಿಸುವುದರ ಬಗ್ಗೆ ಮಾಡಿದ ಕೆಲಸ, 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಶುರುವಾದ, ಭಾರವಾದ ತೈಲವನ್ನು ಪೆಟ್ರೋಲಿನಂಥ ಹಗುರ ಇಂಧನವಾಗಿ ಒಡೆಯುವ ಮೊದಲ ದ್ರವೀಕೃತ ವೇಗವರ್ಧಕ ವಿಭಜನಾ ಘಟಕಕ್ಕೆ ದಾರಿ ಮಾಡಿತು. ಜರ್ಮನಿಯ ರಸಾಯನವಿಜ್ಞಾನಿ ಹೇಬರ್ ಕಾರ್ಲ್‌ಸ್ರೂವಿನ ತಾಂತ್ರಿಕ ವಿದ್ಯಾಲಯದಲ್ಲಿ ಅಮೋನಿಯ ಹನಿಹನಿಯಾಗಿ ಬರುವುದನ್ನು ತೋರಿಸಿದ್ದು 1909ರಲ್ಲಿ; ಓಪೌ ಕಾರ್ಖಾನೆ ನಡೆಯತೊಡಗಿದ್ದು 1913ರಲ್ಲಿ. ನಡುವಿನ ನಾಲ್ಕು ವರ್ಷಗಳಲ್ಲಿ ಕಾರ್ಖಾನೆಯ ಕಡೆಯವರಾದ ಬಾಷ್ ಉಕ್ಕಿನ ಕೊಳವೆಗಳು ಹೈಡ್ರೋಜನ್ನಿಗೆ ಸೀಳಿಹೋಗುವುದನ್ನು ತಡೆಯುವ ದಾರಿ ಕಂಡುಕೊಳ್ಳಬೇಕಾಯಿತು, ಮಿಟಾಷ್ ಸಾವಿರಾರು ವೇಗವರ್ಧಕ ಪರೀಕ್ಷೆಗಳನ್ನು ನಡೆಸಬೇಕಾಯಿತು. ಹೇಬರ್ ತಮ್ಮ ಭಾಗವನ್ನು ಮುಗಿಸಿದ್ದರು, ಅದು ಸಾಕಷ್ಟು ದೊಡ್ಡದೂ ಆಗಿತ್ತು. ಪ್ರಯೋಗಾಲಯದ ಭಾಗ ಎಲ್ಲಿಗೆ ಮುಗಿಯಿತು ಎಂದು ನೇರವಾಗಿ ಬರೆದರೆ ಮುಂದಿನ ಭಾಗವನ್ನು ಕೈಗೆತ್ತಿಕೊಳ್ಳಲು ನಮಗೆ ಅನುಕೂಲ.

ಉತ್ತರ 3: ಸಂಶೋಧನಾ ವಿದ್ಯಾರ್ಥಿನಿ, ಐದನೆಯ ವರ್ಷ

ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಇಬ್ಬರೂ ಹೇಳದ ಒಂದು ಸಂಗತಿ ಇದೆ. ನಿಮ್ಮ ಹಾಳೆಯಲ್ಲಿ ‘ಸಾಧನೆ’ ಎಂದು ಎಣಿಕೆಯಾಗದ ಕೆಲಸದಲ್ಲಿ ದೊಡ್ಡ ಪಾಲು, ತಪ್ಪಾಗಿ ಪ್ರಕಟವಾಗಬಹುದಾಗಿದ್ದನ್ನು ತಡೆದ ಕೆಲಸ.

ನನ್ನ ವಿಷಯ ಸಾಮಾನ್ಯ ಉಷ್ಣತೆಯಲ್ಲಿ ವಿದ್ಯುತ್ತಿನ ಸಹಾಯದಿಂದ ಸಾರಜನಕವನ್ನು ಅಮೋನಿಯವಾಗಿಸುವುದು. ಎರಡನೆಯ ವರ್ಷದಲ್ಲಿ ನನ್ನ ಒಂದು ವೇಗವರ್ಧಕ ಬಹಳ ಚೆನ್ನಾಗಿ ಕೆಲಸ ಮಾಡತೊಡಗಿತು. ದ್ರಾವಣಕ್ಕೆ ಅಮೋನಿಯವನ್ನು ಪತ್ತೆಹಚ್ಚುವ ಇಂಡೋಫಿನಾಲ್ ಪರೀಕ್ಷೆಯ ಕಾರಕಗಳನ್ನು ಹಾಕಿ ಕಾದರೆ ಸೊಗಸಾದ ನೀಲಿ ಬಣ್ಣ ಬರುತ್ತಿತ್ತು; ಅದನ್ನು 655 ನ್ಯಾನೋಮೀಟರಿನಲ್ಲಿ ಅಳೆದರೆ ಸಿಗುತ್ತಿದ್ದ ಅಂಕಿಗಳು ಪ್ರಕಟವಾದ ಪ್ರಬಂಧಗಳ ಅಂಕಿಗಳಿಗಿಂತ ಕಡಿಮೆಯೇನೂ ಇರಲಿಲ್ಲ. ನನ್ನ ಮಾರ್ಗದರ್ಶಕರು ಒಂದೇ ಮಾತು ಹೇಳಿದರು: ಸಾರಜನಕವನ್ನು ತೆಗೆದು ಆರ್ಗಾನ್ ಹಾಯಿಸಿ ಅದೇ ಪ್ರಯೋಗ ಮಾಡು. ಮಾಡಿದೆ. ಆರ್ಗಾನಿನಿಂದ ಅಮೋನಿಯ ಬರಲು ಸಾಧ್ಯವೇ ಇಲ್ಲ, ಆದರೂ ಆ ಶೀಶೆಯೂ ನೀಲಿಯಾಯಿತು. ಎರಡು ಶೀಶೆಗಳನ್ನು ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದು ನೋಡಿದೆ. ಯಾವುದು ಯಾವುದೆಂದು ಹೇಳಲು ಮೇಲೆ ಅಂಟಿಸಿದ ಚೀಟಿಯನ್ನೇ ಓದಬೇಕಿತ್ತು.

ಆ ನೀಲಿ ಎಲ್ಲಿಂದ ಬಂತೆಂದು ಹುಡುಕಲು ಎಂಟು ತಿಂಗಳು ಹಿಡಿಯಿತು. ಇಷ್ಟು ಕಡಿಮೆ ಪ್ರಮಾಣದಲ್ಲಿ ಅಮೋನಿಯ ಎಲ್ಲ ಕಡೆಯೂ ಇರುತ್ತದೆ: ನಮ್ಮ ಉಸಿರಿನಲ್ಲಿ, ಕೈಗವಸಿನಲ್ಲಿ, ಹಿಂದಿನ ಪ್ರಯೋಗದ್ದನ್ನು ಹಿಡಿದಿಟ್ಟುಕೊಂಡು ಮುಂದಿನದರಲ್ಲಿ ಬಿಡುವ, ವಿದ್ಯುತ್ ಕೋಶದ ಎರಡು ಭಾಗಗಳನ್ನು ಬೇರ್ಪಡಿಸುವ ನಾಫಿಯಾನ್ ಪೊರೆಯಲ್ಲಿ. ಅನಿಲದಲ್ಲಿ ಸೇರಿಕೊಂಡಿರುವ ನೈಟ್ರೋಜನ್ ಆಕ್ಸೈಡುಗಳು ಸಾರಜನಕಕ್ಕಿಂತ ಬಹಳ ಸುಲಭವಾಗಿ ಅಮೋನಿಯವಾಗುತ್ತವೆ. ನಮ್ಮ ವಿಷಯದಲ್ಲಿ ದಾರಿ ತೋರಿಸಿದ್ದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯ, ಸ್ಟ್ಯಾನ್‌ಫರ್ಡ್ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೇರಿ, ಸಾರಜನಕ-15 ಐಸೊಟೋಪನ್ನು (ಸಾಮಾನ್ಯ ಸಾರಜನಕಕ್ಕಿಂತ ಭಾರವಾದ ರೂಪವನ್ನು) ಶುದ್ಧಗೊಳಿಸಿ ಬಳಸಿ, ಬಂದ ಅಮೋನಿಯದ ಪ್ರಮಾಣವನ್ನು ಅದರಿಂದಲೂ ಅಳೆಯದ ಹೊರತು ಯಾವ ಫಲಿತಾಂಶವನ್ನೂ ನಂಬಬಾರದೆಂದು ತೋರಿಸಿದರು. ಪರಮಾಣು ಕೇಂದ್ರಗಳ ಕಾಂತಗುಣವನ್ನು ಅಳೆಯುವ ಎನ್‌ಎಂಆರ್‌ನಲ್ಲಿ ಸಾಮಾನ್ಯ ಸಾರಜನಕದ ಅಮೋನಿಯಂ ಮೂರು ಶಿಖರಗಳನ್ನು, ಸಾರಜನಕ-15ರ ಅಮೋನಿಯಂ ಎರಡು ಶಿಖರಗಳನ್ನು ಕೊಡುತ್ತದೆ. ಸಾರಜನಕ-15 ಹಾಯಿಸಿದರೂ ನನ್ನ ‘ಬಹಳ ಚೆನ್ನಾದ’ ವೇಗವರ್ಧಕ ಕೊನೆಯವರೆಗೂ ಮೂರನ್ನೇ ಕೊಟ್ಟಿತು, ಅಂದರೆ ಆ ಅಮೋನಿಯ ನಾನು ಹಾಯಿಸಿದ ಅನಿಲದಿಂದ ಬಂದದ್ದಲ್ಲ. ಆ ಪ್ರಬಂಧದವರ ಪರೀಕ್ಷೆಯಲ್ಲಿ ನಿಂತದ್ದು ಲಿಥಿಯಂ ಬಳಸುವ ಹಳೆಯ ವಿಧಾನ.

ನಮ್ಮ ವಿಭಾಗದ ಆ ವರ್ಷದ ವರದಿಯಲ್ಲಿ ನನ್ನ ಹೆಸರಿನ ಮುಂದೆ ಏನೂ ಇರಲಿಲ್ಲ. ಬೇಸರಕ್ಕೆ ಹೇಳುತ್ತಿಲ್ಲ (ಸ್ವಲ್ಪ ಬೇಸರಕ್ಕೂ ಹೇಳುತ್ತಿದ್ದೇನೆ). ಆದರೆ ಆ ಎಂಟು ತಿಂಗಳಲ್ಲಿ ನಾವು ರೂಪಿಸಿದ ಶುದ್ಧೀಕರಣದ ಕ್ರಮವನ್ನು ಈಗ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಬಳಸುತ್ತಾರೆ. ಅದು ಆ ಅವಧಿಯಲ್ಲಿ ನಮ್ಮ ಗುಂಪು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದು ನನ್ನ ಎಣಿಕೆ.

ಪ್ರಬಂಧ ಹಿಂತೆಗೆದುಕೊಂಡ ಸಂಗತಿಯನ್ನೂ ವರದಿಯಲ್ಲಿ ಹೇಳಬೇಕೆಂದು ಹೇಳಿದರೆ ನಿಮ್ಮ ಮುಖ್ಯಸ್ಥರು ಬೆಚ್ಚಿಬೀಳಬಹುದು. ಅವರಿಗೆ ಫ್ರಾನ್ಸಿಸ್ ಆರ್ನಲ್ಡ್ ಅವರ ಉದಾಹರಣೆ ಹೇಳಿ. ಅವರು ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು. ಕಿಣ್ವಗಳನ್ನು ನಿರ್ದೇಶಿತ ವಿಕಾಸದಿಂದ (ಬದಲಾವಣೆ ತಂದು, ಉತ್ತಮವಾದವನ್ನು ಆಯ್ದು, ಮತ್ತೆ ಬದಲಿಸುತ್ತ) ಮಾರ್ಪಡಿಸಿದ್ದಕ್ಕಾಗಿ 2018ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಅವರದು. 2019ರಲ್ಲಿ ಅವರ ಗುಂಪು ಪ್ರಕಟಿಸಿದ ಒಂದು ಪ್ರಬಂಧದ ಫಲಿತಾಂಶ ಮತ್ತೆ ಮಾಡಿದಾಗ ಬರಲಿಲ್ಲ, ದಿನಚರಿ ಪುಸ್ತಕದಲ್ಲಿ ಕೆಲವು ಪ್ರಯೋಗಗಳ ಮೂಲ ದಾಖಲೆಗಳೂ ಇರಲಿಲ್ಲ. 2020ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡು, ತಾವು ಆಗ ಸಾಕಷ್ಟು ಗಮನ ಕೊಡಲಿಲ್ಲವೆಂದು ಅವರೇ ಬಹಿರಂಗವಾಗಿ ಹೇಳಿ ಕ್ಷಮೆ ಕೇಳಿದರು. ಆಮೇಲೆ ಅವರ ಮೇಲಿನ ಗೌರವ ನನ್ನಂಥವರಲ್ಲಿ ಕಡಿಮೆಯಾಗಲಿಲ್ಲ.

ಕೊನೆಯ ಬೇಡಿಕೆ: ‘ಪ್ರಾಧ್ಯಾಪಕರು ಕಂಡುಹಿಡಿದರು’ ಎಂದು ಬರೆಯುವ ಕಡೆಯಲ್ಲೆಲ್ಲ ಪ್ರಯೋಗ ಮಾಡಿದವರ ಹೆಸರನ್ನೂ ಬರೆಯಿರಿ. ಮೆಕೇಬ್ ಮತ್ತು ಥೀಲೆ ವಿದ್ಯಾರ್ಥಿಗಳಾಗಿದ್ದರೆಂದು ಹಿರಿಯರು ಮೇಲೆ ನೆನಪಿಸಿದ್ದಾರೆ. ಆ ವಿಧಾನ ಅವರ ಮೇಲಿನವರ ಹೆಸರಿನಲ್ಲಿ ಹೋಗಲಿಲ್ಲವೆಂಬುದೂ ಗಮನಿಸಬೇಕಾದ್ದೇ.

ಉತ್ತರ 4: ಕಿರಿಯ ಅಧ್ಯಾಪಕ

ಮೂವರಿಗೂ ಧನ್ಯವಾದಗಳು. ಚೀಟಿ ಕಳುಹಿಸಿದೆ. ನಿವೃತ್ತ ಪ್ರಾಧ್ಯಾಪಕರು ಹೇಳಿದಂತೆಯೇ ಆಯಿತು: ನಾಲ್ವರು ಎರಡೇ ದಿನಗಳಲ್ಲಿ ಆರು ವಾಕ್ಯ ಬರೆದುಕೊಟ್ಟರು, ಇಬ್ಬರು ಪಟ್ಟಿಯನ್ನೇ ಮತ್ತೊಮ್ಮೆ ಕಳುಹಿಸಿದರು, ಒಬ್ಬರು ‘ಆರು ವಾಕ್ಯ ಸಾಲದು’ ಎಂದು ಮೂರು ಪುಟ ಕೊಟ್ಟರು, ಆ ಮೂರು ಪುಟ ಚೆನ್ನಾಗಿಯೇ ಇವೆ.

ಮುಖ್ಯಸ್ಥರೊಂದಿಗೆ ಮಾತಾಡಿದೆ. ಸಂಖ್ಯೆಗಳೆಲ್ಲ ಕೊನೆಯ ಒಂದು ಪುಟದ ಕೋಷ್ಟಕಕ್ಕೆ ಹೋಗುತ್ತವೆ, ಅನುದಾನ ‘ಸಂಪನ್ಮೂಲಗಳು’ ಎಂಬ ಶೀರ್ಷಿಕೆಗೆ ಸರಿಯುತ್ತದೆ, ಪೇಟೆಂಟಿಗೆ ಮೂರು ಕಾಲಮ್ಮುಗಳಾಗುತ್ತವೆ. ಶೇ. 2ರ ಪಟ್ಟಿಯನ್ನು ಬಿಡಲು ಅವರು ಒಪ್ಪಲಿಲ್ಲ. ಯಾವ ಪಟ್ಟಿ, ಯಾವ ವರ್ಷ ಎಂದು ಬರೆಯಲು ಒಪ್ಪಿದರು. ವಿಫಲವಾದ ಪ್ರಯೋಗಗಳ ಬಗ್ಗೆ ಬರೆಯುವ ವಿಷಯದಲ್ಲಿ ‘ನೋಡೋಣ’ ಎಂದಿದ್ದಾರೆ.

ಹರಳಿನ ಕೆಲಸದ ಬಗ್ಗೆ ನಾನು ಬರೆದ ಕರಡು ಹೀಗಿದೆ, ತಿದ್ದಿಕೊಡಿ:

‘ಕಲಕುವ ತೊಟ್ಟಿಯಲ್ಲಿ ಹರಳುಗಳ ಒಡೆಯುವಿಕೆಯನ್ನು ಕುರಿತು ಪ್ರಪ್ರಥಮ ಬಾರಿಗೆ ಆಳವಾದ ಅಧ್ಯಯನ ನಡೆಸಲಾಗಿದ್ದು, ಇದು ಔಷಧ ಕೈಗಾರಿಕೆಗೆ ಕ್ರಾಂತಿಕಾರಕ ಪರಿಣಾಮಗಳನ್ನು ಬೀರಬಲ್ಲುದಾಗಿದೆ. ಹರಳುಗಳು ಮುಖ್ಯವಾಗಿ ಕಲಕುವ ರೆಕ್ಕೆಗೆ ಬಡಿದು ಒಡೆಯುತ್ತವೆ ಎಂಬುದನ್ನು ಸ್ಥಾಪಿಸಲಾಗಿದೆ. ಈ ಕುರಿತು ನಾಲ್ಕು ಪ್ರಬಂಧಗಳು ಪ್ರತಿಷ್ಠಿತ ಪತ್ರಿಕೆಗಳಲ್ಲಿ ಪ್ರಕಟಗೊಂಡಿವೆ.’

ಉತ್ತರ 5: ನಿವೃತ್ತ ಪ್ರಾಧ್ಯಾಪಕ

ಪ್ರಶ್ನೆ ಕೇಳುವಾಗ ನೀವು ಬರೆದ ಕನ್ನಡ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ‘ಎಲ್ಲಿ, ಯಾವ ಹೊಡೆತಕ್ಕೆ ಒಡೆಯುತ್ತವೆ, ಚೂರುಗಳಲ್ಲಿ ಎಷ್ಟು ಮತ್ತೆ ಬೆಳೆಯುತ್ತವೆ’ ಎಂದು ಬರೆದಿದ್ದಿರಿ, ಅದನ್ನೇ ತನ್ನಿ. ‘ಪ್ರಪ್ರಥಮ’ ತೆಗೆಯಿರಿ, ಏಕೆಂದರೆ ತೊಟ್ಟಿಯಲ್ಲಿ ಹರಳು ಒಡೆಯುವುದನ್ನು ಜನ ದಶಕಗಳಿಂದ ನೋಡುತ್ತ ಬಂದಿದ್ದಾರೆ. ‘ಕ್ರಾಂತಿಕಾರಕ’ ತೆಗೆಯಿರಿ, ಸ್ಥಾವರದ ಎಂಜಿನಿಯರ್ ಹೇಳಿದ ಸೋಸುಗದ ಕಥೆಯಂಥ ಒಂದು ಸಂದರ್ಭವನ್ನು ಅದರ ಜಾಗದಲ್ಲಿಡಿ. ‘ನಡೆಸಲಾಗಿದ್ದು’, ‘ಸ್ಥಾಪಿಸಲಾಗಿದೆ’ ಎಂದರೆ ಯಾರು ನಡೆಸಿದರು? ಹೆಸರು ಬರೆಯಿರಿ, ವಿದ್ಯಾರ್ಥಿಗಳದ್ದೂ ಸೇರಿಸಿ. ಮತ್ತು ಕರಡನ್ನು ನಮಗೆ ತೋರಿಸುವ ಮೊದಲು ಆ ಕೆಲಸ ಮಾಡಿದವರಿಗೆ ತೋರಿಸಿದ್ದೀರಾ?

ಉತ್ತರ 6: ಕಿರಿಯ ಅಧ್ಯಾಪಕ

ತೋರಿಸಿರಲಿಲ್ಲ. ನಿನ್ನೆ ತೋರಿಸಿದೆ. ಅವರು ‘ಪ್ರಪ್ರಥಮ’ವನ್ನೂ ‘ಕ್ರಾಂತಿಕಾರಕ’ವನ್ನೂ ನಾನು ನಿಮ್ಮ ಮಾತನ್ನು ತಿಳಿಸುವ ಮೊದಲೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ‘ರೆಕ್ಕೆಗೆ ಬಡಿದು ಒಡೆಯುತ್ತವೆ’ ಎಂಬ ವಾಕ್ಯದ ಮುಂದೆ ಅಂಚಿನಲ್ಲಿ ಬರೆದದ್ದು ಇದು: ‘ನಾವು ಅಳೆದ ಎರಡು ಪದಾರ್ಥಗಳಲ್ಲಿ ಮಾತ್ರ. ಸೂಜಿಯಾಕಾರದ ಹರಳುಗಳಲ್ಲಿ ಒಂದಕ್ಕೊಂದು ತಾಗಿಯೂ ಮುರಿಯುತ್ತವೆ. ಅದನ್ನು ಬೇರ್ಪಡಿಸಲು ರಬ್ಬರ್ ಹೊದಿಸಿದ ರೆಕ್ಕೆ ಮಾಡಿಸಿದೆವು, ರಬ್ಬರ್ ದ್ರಾವಕದಲ್ಲಿ ಉಬ್ಬಿತು, ಒಂದು ವರ್ಷ ಹಾಳಾಯಿತು. ಇದನ್ನೂ ಸೇರಿಸಿ, ಇಲ್ಲದಿದ್ದರೆ ಇನ್ನೊಬ್ಬರು ಅದನ್ನೇ ಮಾಡಿಸುತ್ತಾರೆ.’

ಸೇರಿಸಿದ್ದೇನೆ. ರೆಕ್ಕೆ ಇನ್ನೂ ಅವರ ಕಪಾಟಿನಲ್ಲಿದೆ. ಅದರ ಚಿತ್ರವನ್ನೂ ವರದಿಯಲ್ಲಿ ಹಾಕಲು ಮುಖ್ಯಸ್ಥರ ಅನುಮತಿ ಕೇಳಿದ್ದೇನೆ.